ಇಳಿಯುವ ಪರೀಕ್ಷೆ

ಏಣಿಯ ಮೆಟ್ಟಿಲುಗಳಿಗೆ ಹಿಂದಿನ ದಿನದ ಎರೆಮಣ್ಣು ಅಂಟಿ ಒಣಗಿತ್ತು. ನಾನು ಏಣಿಯನ್ನು ಅಂಗಳದಲ್ಲಿ ಅಡ್ಡ ಮಲಗಿಸಿ ಕಳೆ ತೆಗೆಯುವ ಕುರ್ಚಿಗೆಯ ಮೊನೆಯಿಂದ ಒಂದೊಂದೇ ಮೆಟ್ಟಿಲನ್ನು ಕೆರೆಯುತ್ತಿದ್ದೆ. ಚಿಗವ್ವ, ಅಂದರೆ ನನ್ನ ಅವ್ವನ ತಂಗಿ ಕಾಶವ್ವ, ಹೊಸ್ತಿಲ ಮೇಲೆ ಕೂತು ಬಲಮೊಣಕಾಲಿಗೆ ಬೆಚ್ಚಗಿನ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಒಟ್ಟು ಹದಿನಾಲ್ಕು ಮೆಟ್ಟಿಲು. ಹನ್ನೊಂದನೆಯದರ ಮೂಲೆಯಲ್ಲಿ ಒಂದು ಹೆಂಟೆ ಬಿಡಲೊಲ್ಲದೆ ಕೂತಿತ್ತು. ಅದನ್ನು ಉಗುರಿನಿಂದ ತೆಗೆದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದೆ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ, ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದೆ. ಅಂದು ಚಿಗವ್ವನ ಇಳಿಯುವ ಪರೀಕ್ಷೆ. ಒರೆಸುವುದು ಮುಗಿದರೆ ಹೊರಡಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ನಮ್ಮೂರಲ್ಲಿ ಟ್ರಾಕ್ಟರ್ ಬೆಳಿಗ್ಗೆ ಎಲ್ಲ ಊರಿನ ಟ್ರಾಕ್ಟರಿನಷ್ಟೇ ಎತ್ತರ ಇರುತ್ತದೆ. ಬಿಸಿಲು ಏರಿದಂತೆ ಅದೂ ಏರುತ್ತದೆ. ಒಂಬತ್ತಕ್ಕೆ ಕಾಲಿಡುವ ಹಲಗೆ ನಮ್ಮ ಸೊಂಟಕ್ಕೆ ಬರುತ್ತದೆ, ಹನ್ನೊಂದಕ್ಕೆ ತಲೆಯ ಮಟ್ಟಕ್ಕೆ, ನಡುಮಧ್ಯಾಹ್ನಕ್ಕೆ ಮನೆಯ ಮಾಳಿಗೆಯ ಮಟ್ಟಕ್ಕೆ. ಮೂರರ ನಂತರ ಕುಸಿಯಲು ಶುರುಮಾಡಿ ದೀಪ ಹಚ್ಚುವ ಹೊತ್ತಿಗೆ ಮತ್ತೆ ನೆಲಕ್ಕೆ ಹತ್ತಿರವಾಗುತ್ತದೆ. ನೇಗಿಲು, ಕುಂಟೆ, ಕೂರಿಗೆ ಎಲ್ಲವೂ ಅದಕ್ಕೆ ತಕ್ಕಂತೆ ಉದ್ದವಾಗುವುದರಿಂದ ಹೊಲದ ಕೆಲಸಕ್ಕೆ ತೊಂದರೆಯಿಲ್ಲ. ತೊಂದರೆಯೆಲ್ಲ ಮನುಷ್ಯರಿಗೆ. ನಾವು ಉದ್ದವಾಗುವುದಿಲ್ಲ.

ಆದರೂ ಜನ ಹೊಂದಿಕೊಂಡಿದ್ದಾರೆ. ಚಹಾ ಮಾರುವ ಯಲ್ಲಪ್ಪ ಕಾಕಾ ಉದ್ದನೆಯ ಬಿದಿರಿನ ತುದಿಗೆ ತಂತಿಯ ಬುಟ್ಟಿ ಕಟ್ಟಿಕೊಂಡು ತಿರುಗುತ್ತಾನೆ. ಬುಟ್ಟಿಯಲ್ಲಿ ಗ್ಲಾಸು ಇಟ್ಟು ಮೇಲಕ್ಕೆ ಚಾಚುತ್ತಾನೆ. ಒಂದು ಹನಿ ಚೆಲ್ಲುವುದಿಲ್ಲ. ಮದುವೆಯ ದಿಬ್ಬಣ ಎಂಟರೊಳಗೆ ಬಂದು ಮುಟ್ಟಬೇಕೆಂಬ ಕಟ್ಟಳೆ ಇದೆ. ಒಮ್ಮೆ ತಡವಾಗಿ ಬಂದ ಮದುಮಗನೊಬ್ಬ ಟ್ರೇಲರಿನ ಮೇಲೆಯೇ ಉಳಿದುಬಿಟ್ಟಿದ್ದ. ಮುಹೂರ್ತ ಮೀರುತ್ತದೆಂದು ಕೆಳಗಿನಿಂದಲೇ ಅಕ್ಷತೆಯನ್ನು ಮೇಲಕ್ಕೆ ಎಸೆದರು. ಆ ಅಕ್ಷತೆಯಲ್ಲಿ ಮುಕ್ಕಾಲು ಪಾಲು ಎಸೆದವರ ತಲೆಯ ಮೇಲೆಯೇ ಬಿತ್ತು. ಆದರೂ ಆ ಗಂಡ ಹೆಂಡತಿ ಚೆನ್ನಾಗಿಯೇ ಬದುಕುತ್ತಿದ್ದಾರೆ.

ಹೀಗಾಗಿ ನಮ್ಮಲ್ಲಿ ಪ್ರತಿ ಟ್ರಾಕ್ಟರಿಗೂ ಒಬ್ಬ ಡ್ರೈವರ್ ಇದ್ದ ಹಾಗೆ ಏಣಿ ಹಿಡಿಯುವವರೊಬ್ಬರು ಇರುತ್ತಾರೆ. ಏಣಿಯನ್ನು ಸುಮ್ಮನೆ ಆನಿಸಿಟ್ಟರೆ ಸಾಲದು. ಒಂದು ಮೋಡ ಸೂರ್ಯನಿಗೆ ಅಡ್ಡ ಬಂದರೂ ಟ್ರಾಕ್ಟರ್ ಒಂದು ಗೇಣು ಕುಸಿಯುತ್ತದೆ, ಏಣಿ ಜಾರುತ್ತದೆ. ಅದಕ್ಕೇ ಯಾರಾದರೂ ಹಿಡಿದು ನಿಲ್ಲಬೇಕು. ನಿಲ್ಲುವುದು ಏಣಿಯ ಒಳಬದಿಯಲ್ಲಿ, ಟ್ರಾಕ್ಟರಿನ ಹೊಟ್ಟೆಯ ಕೆಳಗೆ, ಹೊರಗೆ ಮುಖ ಮಾಡಿ. ಹೊರಬದಿಯಲ್ಲಿ ನಿಂತರೆ ಬೀಳುವವರು ನೇರ ನಮ್ಮ ತಲೆಯ ಮೇಲೆ ಬೀಳುತ್ತಾರೆ. ಒಳಬದಿಯಿಂದ ಇಳಿಯುವವರ ಪಾದಗಳು ಚೆನ್ನಾಗಿ ಕಾಣುತ್ತವೆ. ಇಳಿಯುವವರಿಗೆ ತಮ್ಮ ಪಾದ ಕಾಣುವುದಿಲ್ಲ. ಯಾವ ಕಾಲು ಎಲ್ಲಿ ಇಡಬೇಕು, ಎಲ್ಲಿ ಕೆಸರಿದೆ, ಏಣಿಯ ಯಾವ ಕಡೆ ಅಲ್ಲಾಡುತ್ತಿದೆ ಎಂದು ಕೆಳಗಿನವರು ಹೇಳಬೇಕು, ಮೇಲಿನವರು ನಂಬಬೇಕು.

ನಾನು ಏಳು ವರ್ಷದಿಂದ ಚಿಗವ್ವನ ಏಣಿ ಹಿಡಿಯುತ್ತಿದ್ದೇನೆ. ಈ ಕೆಲಸ ನನಗೆ ಹೇಳಿ ಮಾಡಿಸಿದ್ದು. ಟ್ರಾಕ್ಟರಿನ ಕೆಳಗೆ ನಿಂತರೆ ನನಗೆ ಎಲ್ಲರೂ ಕಾಣುತ್ತಾರೆ, ನಾನು ಯಾರಿಗೂ ಕಾಣುವುದಿಲ್ಲ. ನೆರಳೂ ಇರುತ್ತದೆ. ಒಂದೇ ಕೊರತೆಯೆಂದರೆ, ಹೇಳಬೇಕಲ್ಲ, ಅದು. ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಹೊರಟರೂ ನನ್ನ ಗದ್ದದವರೆಗೆ ಬಂದು ಕೆಳಗೆ ಬಿದ್ದುಹೋಗುತ್ತದೆ. ಆರನೆಯ ಇಯತ್ತೆಯಲ್ಲಿ ಮಾಸ್ತರರು ಹಾಜರಿ ಕರೆಯುವಾಗ ನಾನು ದಿನವೂ ‘ಬಂದೇನ್ರಿ ಸರ್’ ಎನ್ನುತ್ತಿದ್ದೆ. ಅವರಿಗೆ ಒಂದು ದಿನವೂ ಕೇಳಿಸಲಿಲ್ಲ. ವರ್ಷವಿಡೀ ಮುಂದಿನ ಸಾಲಿನಲ್ಲಿ ಕೂತಿದ್ದವಳು ವರ್ಷದ ಕೊನೆಗೆ ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಬಂದಿರಲಿಲ್ಲ. ಎದ್ದು ನಿಂತು ಹೇಳಬಹುದಿತ್ತು. ಶಾಲೆ ಬಿಡುವುದು ಅದಕ್ಕಿಂತ ಸುಲಭವೆನಿಸಿತು, ಬಿಟ್ಟೆ.

ಚಿಗವ್ವ ಇದಕ್ಕೂ ಒಂದು ದಾರಿ ಮಾಡಿದಳು. ಒಂದು ಹಳೆಯ ಬೋಲ್ಟು ಕೈಗೆ ಕೊಟ್ಟು, ‘ಬಾಯಿ ಬ್ಯಾಡ ಬಿಡು, ಇದರಲೆ ಬಡಿ’ ಎಂದಳು. ಯಾವ ಕಾಲು ಮೊದಲು ಇಳಿಯಬೇಕೋ ಏಣಿಯ ಆ ಕಡೆಯ ಉದ್ದನೆಯ ಗಳಕ್ಕೆ ನಾನು ಒಮ್ಮೆ ಬಡಿಯುತ್ತೇನೆ. ತಡೆಯಬೇಕಾದರೆ ಎರಡು ಸಲ. ಏಣಿಯ ಗಳದಲ್ಲಿ ಆ ಶಬ್ದ ಅವಳ ಅಂಗೈಗೆ ಮುಟ್ಟುತ್ತದೆ. ಎರಡು ವರ್ಷದ ಹಿಂದೆ ಅವಳ ಬಲಮೊಣಕಾಲು ಮಡಚುವುದನ್ನು ನಿಲ್ಲಿಸಿತು. ಅದು ನನ್ನೊಬ್ಬಳಿಗೇ ಗೊತ್ತು. ಅಂದಿನಿಂದ ಯಾವಾಗಲೂ ಬಲಗಾಲೇ ಮೊದಲು ಇಳಿಯಬೇಕು. ಎಡಗಾಲು ಮೇಲಿನ ಮೆಟ್ಟಿಲಲ್ಲಿ ಮಡಚಿ ಭಾರ ಹೊರಬೇಕು, ಬಲಗಾಲು ನೆಟ್ಟಗೆ ಕೆಳಗಿನ ಮೆಟ್ಟಿಲಿಗೆ ಮುಟ್ಟಬೇಕು, ಆಮೇಲೆ ಎಡಗಾಲು ಅದರ ಪಕ್ಕ ಬಂದು ನಿಲ್ಲಬೇಕು. ನೋಡುವವರಿಗೆ ಇದು ಗತ್ತಿನಂತೆ ಕಾಣುತ್ತಿತ್ತು. ‘ಕಾಶಕ್ಕ ಅವಸರ ಮಾಡಂಗಿಲ್ಲ ನೋಡು’ ಎಂದು ಜನ ಹೊಗಳುತ್ತಿದ್ದರು.

ಐವತ್ತು ದಾಟಿದ ಡ್ರೈವರುಗಳಿಗೆ ರೈತರ ಸಂಘ ವರ್ಷಕ್ಕೊಮ್ಮೆ ನಡುಮಧ್ಯಾಹ್ನ ಇಳಿಯುವ ಪರೀಕ್ಷೆ ಇಡುತ್ತದೆ. ಹತ್ತುವುದನ್ನು ಯಾರೂ ಪರೀಕ್ಷಿಸುವುದಿಲ್ಲ. ಹತ್ತಲು ಬಾರದವರು ಕೆಳಗೇ ಉಳಿಯುತ್ತಾರೆ, ಅವರಿಂದ ಯಾರಿಗೂ ತೊಂದರೆಯಿಲ್ಲ. ಇಳಿಯಲಾಗದವರ ಕೀಲಿಯನ್ನು ಸಂಘ ವಾಪಸು ತೆಗೆದುಕೊಳ್ಳುತ್ತದೆ. ಚಿಗವ್ವ ಮೂರು ವರ್ಷ ಈ ಪರೀಕ್ಷೆಯಲ್ಲಿ ಪಾಸಾಗಿದ್ದಳು, ಮೊಣಕಾಲು ಕೆಟ್ಟ ಮೇಲಿನ ಎರಡು ವರ್ಷ ನನ್ನ ಬೋಲ್ಟಿನ ಬಲದಿಂದ. ಆದರೆ ಹೋದ ಸುಗ್ಗಿಯಲ್ಲಿ ಒಬ್ಬ ಡ್ರೈವರ್ ಏಣಿಯಿಂದ ಬಿದ್ದು ಎರಡು ಹಲ್ಲು ಕಳೆದುಕೊಂಡ. ಅವನ ಏಣಿಯವನು ಬೀಡಿ ಹಚ್ಚುತ್ತ ಸುಮ್ಮನೆ ನಿಂತಿದ್ದನಂತೆ. ಸಂಘದವರು ಕೂಡಲೇ ಆಫೀಸಿನ ಮುಂದಿನ ನಿಯಮಗಳ ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ ಹೊಸದೊಂದು ಸಾಲು ಬರೆಸಿದರು: ಏಣಿ ಹಿಡಿದವರು ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಬೇಕು.

‘ಇವತ್ತ ಹೇಳ್ತಿ ಇಲ್ಲ?’ ಎಂದಳು ಚಿಗವ್ವ, ಎಣ್ಣೆಯ ಬಟ್ಟಲನ್ನು ಬದಿಗಿಟ್ಟು.

ನಾನು ತಲೆಯಾಡಿಸಿದೆ.

‘ನೀ ತಲಿ ಅಲ್ಲಾಡಿಸಿದ್ದು ಮ್ಯಾಲಿದ್ದವರಿಗೆ ಕಾಣಂಗಿಲ್ಲ ಫಕೀರಿ. ಬಾಯಿಲೆ ಹೇಳ್ತಿಯೋ ಇಲ್ಲೋ?’

‘ಹೇಳ್ತೀನಿ ಬೇ’ ಎಂದೆ. ಮನೆಯಲ್ಲಿ ಆಗ ನಾವಿಬ್ಬರು ಮತ್ತು ಒಂದು ಬೆಕ್ಕು ಇದ್ದೆವು. ಬೆಕ್ಕಿನ ಮುಂದೆ ನಾನು ಧೈರ್ಯವಂತೆ.

‘ಕೀಲಿ ಹೋದ್ರ ನಾ ಕೆಳಗ ಕುಂತು ಏನ್ ಮಾಡ್ಲಿ, ಹೇಳು’ ಎಂದು ಅವಳು ಹೊಸ್ತಿಲು ಹಿಡಿದು ಎದ್ದಳು. ‘ನಮ್ಮ ಮನಿಯವರು ಸತ್ತ ಮ್ಯಾಲೆ ಮಂದಿ ಒಂದ ಸಮ ಮನಿಗೆ ಬಂದು ಬುದ್ಧಿ ಹೇಳಾಕತ್ತಿದ್ರು. ಟ್ರಾಕ್ಟರ್ ಹತ್ತಿದ ದಿನ ಎಲ್ಲಾ ನಿಂತು ಹೋತು. ಅಷ್ಟು ಎತ್ತರಕ್ಕ ಬುದ್ಧಿ ಹೇಳಾಕ ಯಾರಿಗೂ ದನಿ ಸಾಲಂಗಿಲ್ಲ. ಹತ್ತೊಂಬತ್ತು ವರ್ಷ ಆರಾಮ ಅದೇನಿ.’

ಅವಳು ಟ್ರಾಕ್ಟರ್ ಹತ್ತಿ ಮುಂದೆ ಹೋದಳು. ನಾನು ಏಣಿ ಹೊತ್ತು ಹಿಂದೆ ನಡೆದೆ. ನಾನು ಯಾವಾಗಲೂ ನಡೆದೇ ಹೋಗುತ್ತೇನೆ. ಹತ್ತಿ ಕೂತರೆ ಇಳಿಯಬೇಕಾಗುತ್ತದೆ, ಇಳಿಯಲು ಯಾರನ್ನಾದರೂ ಕೇಳಬೇಕಾಗುತ್ತದೆ. ನಸುಕಿನಲ್ಲಿ ಮಾತ್ರ, ಟ್ರಾಕ್ಟರ್ ಇನ್ನೂ ತಗ್ಗಾಗಿರುವಾಗ, ಚಿಗವ್ವ ನನ್ನನ್ನು ಸೀಟಿನ ಮೇಲೆ ಕೂರಿಸಿ ಕಣದ ಸುತ್ತ ಹೊಡೆಯಲು ಕಲಿಸಿದ್ದಳು. ಸಂಘಕ್ಕೆ ಗೊತ್ತಾದರೆ ಬೈಯುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದಕ್ಕೆ ಏನೂ ಮಾಡಬೇಕಾಗಿಲ್ಲ ನೋಡಿ.

ಬಿತ್ತನೆಯ ವಾರ. ಹನ್ನೆರಡರ ಹೊತ್ತಿಗೆ ಹೊಲದ ಬದುವಿನ ಮೇಲೆ ನಲವತ್ತು ಜನ ಸೇರಿದ್ದರು. ಸಂಘದ ಅಧ್ಯಕ್ಷ ಗುರುಶಾಂತಪ್ಪನವರು ಕೊಡೆ ಹಿಡಿದು ಬಂದರು. ಅವರು ಕೆಟ್ಟವರಲ್ಲ. ಬೋರ್ಡಿನ ಮೇಲಿದ್ದದ್ದನ್ನು ಓದಿ, ಓದಿದ್ದನ್ನು ನಂಬುವ ಮನುಷ್ಯ. ಚಿಗವ್ವ ಅರ್ಧ ಸಾಲು ಬಿತ್ತಿದಲ್ಲಿಯೇ ಟ್ರಾಕ್ಟರ್ ನಿಲ್ಲಿಸಿದಳು. ನಾನು ಏಣಿ ಆನಿಸಿ, ಅದರ ಬುಡವನ್ನು ಮಣ್ಣಿಗೆ ಒತ್ತಿ, ಒಳಬದಿಗೆ ಹೋಗಿ ನಿಂತೆ.

‘ಕಾಶಕ್ಕಾ, ಎಂಜಿನ್ ಬಂದ್ ಮಾಡು. ಬ್ರೇಕ್ ಹಾಕು’ ಎಂದರು ಅಧ್ಯಕ್ಷರು, ಕತ್ತು ಎತ್ತಿ.

‘ಹಾಕೇನ್ರಿ ಅಧ್ಯಕ್ಷರ. ನೀವು ಹೇಳೂ ಮೊದಲ ಹಾಕೇನಿ.’

‘ಸೆರಗು ಸೊಂಟಕ್ಕ ಕಟ್ಟಿಯೇನು?’

‘ಕಟ್ಟೇನಿ.’

‘ಮಾರಿ ಟ್ರಾಕ್ಟರ್ ಕಡೆ ಮಾಡಿ ಇಳೀಬೇಕು.’

‘ಹಂಗಾರ ಬೆನ್ನು ನಿಮ್ಮ ಕಡೆ ಆಗತೈತಿ. ತಪ್ಪು ತಿಳೀಬ್ಯಾಡ್ರಿ ಮತ್ತ.’

ಬದುವಿನ ಮೇಲಿದ್ದವರು ನಕ್ಕರು. ಅಧ್ಯಕ್ಷರೂ ನಕ್ಕು, ‘ಏಣಿ ಹಿಡದವರು ಯಾರು?’ ಎಂದರು.

‘ನಮ್ಮಕ್ಕನ ಮಗಳ್ರಿ. ಅಲ್ಲೇ ಒಳಗ ನಿಂತಾಳ.’

ಅವರು ಬಗ್ಗಿ ನೋಡಿದರು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ‘ಎಲ್ಲಿ?’ ಎಂದರು. ಯಾರೋ ಬೆರಳು ತೋರಿಸಿದ ಮೇಲೆ ಕಂಡೆ. ‘ಹಾಂ, ಅದಾಳ ಅದಾಳ. ಚಾಲೂ ಮಾಡವಾ.’

ಚಿಗವ್ವ ಮೇಲೆ ತಿರುಗಿ ನಿಂತು ಎರಡೂ ಕೈಗಳಿಂದ ಹಿಡಿಕೆ ಹಿಡಿದಳು. ನಾನು ಬಾಯಿ ತೆರೆದೆ. ನಲವತ್ತು ಜನರ ಎಂಬತ್ತು ಕಾಲುಗಳು ಏಣಿಯ ಮೆಟ್ಟಿಲುಗಳ ನಡುವಿನಿಂದ ನನಗೆ ಕಾಣುತ್ತಿದ್ದವು. ಉಂಗುಟ ಕಿತ್ತಿದ್ದ ಒಂದು ಚಪ್ಪಲಿಗೆ ದಾರ ಕಟ್ಟಿದ್ದರು. ಅದನ್ನು ನೋಡುತ್ತ ನಿಂತೆ. ಗಂಟಲಿನವರೆಗೆ ಬಂದ ಮಾತು ಅಲ್ಲಿಯೇ ಚೆನ್ನಾಗಿದೆಯೆಂದು ಕೂತುಬಿಟ್ಟಿತು. ಕೈ ಮಾತ್ರ ತನ್ನಷ್ಟಕ್ಕೆ ಬೋಲ್ಟು ಎತ್ತಿ ಗಳಕ್ಕೆ ಬಡಿಯಿತು. ಟಕ್.

‘ಏನದು?’ ಎಂದರು ಅಧ್ಯಕ್ಷರು.

‘ಅಕಿ ಹೇಳಿದ್ದು ರೀ ಅದು’ ಎಂದಳು ಚಿಗವ್ವ ಮೇಲಿನಿಂದ. ‘ಬಲಗಾಲು ಇಡು ಅಂದ್ಲು.’

‘ಬೋರ್ಡಿನ್ಯಾಗ ಬಾಯಿಬಿಟ್ಟು ಅಂತ ಬರದೈತಿ.’

‘ನನಗ ತಿಳೀತಲ್ರಿ, ಸಾಕಲ್ಲ?’

‘ನಿನಗ ತಿಳೀತು, ನನಗ ತಿಳೀಲಿಲ್ಲ. ನಾಳೆ ಎಲ್ಲಾರೂ ಟಕ್ ಟಕ್ ಅಂತಾರ. ಆಗ ಬೋರ್ಡು ಯಾಕ ಬೇಕು?’ ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. ‘ಅವಸರ ಇಲ್ಲ. ಮೂರಕ್ಕ ಕುಸಿಯಾಕ ಚಾಲೂ ಆಗತೈತಿ, ಅಲ್ಲೀತನ ಟೈಮ್ ಐತಿ. ಅಷ್ಟರಾಗ ಹುಡುಗಿ ಬಾಯಿ ತಗೀಲಿ.’

ಹೀಗೆ ಆ ಹೊಲದ ಬಿತ್ತನೆ ನಿಲ್ಲಿಸಿ ಎಲ್ಲರೂ ನನ್ನ ಬಾಯಿ ತೆರೆಯುವುದನ್ನು ಕಾಯುತ್ತ ಕೂತರು. ಜನ್ಮವಿಡೀ ಯಾರ ಕಣ್ಣಿಗೂ ಬೀಳದಂತೆ ಬದುಕಿದವಳಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆಯನ್ನು ಯಾರೂ ಯೋಚಿಸಲಾರರು. ಜನ ಒಬ್ಬೊಬ್ಬರಾಗಿ ಬಗ್ಗಿ ಒಳಗೆ ಬಂದು ಸಲಹೆ ಕೊಟ್ಟರು. ಒಬ್ಬಳು, ‘ಕಣ್ಣು ಮುಚ್ಚಿ ಒದರಿಬಿಡು, ಹಡೆಯೂ ಮುಂದ ನಾವೆಲ್ಲಾ ಒದರಿಲ್ಲೇನು’ ಎಂದಳು. ಇನ್ನೊಬ್ಬಳು ಗಂಟಲು ಸಡಿಲವಾಗಲೆಂದು ಬೆಲ್ಲ ತಂದುಕೊಟ್ಟಳು, ತಿಂದೆ, ಬಾಯಾರಿಕೆಯಾಯಿತು. ಒಬ್ಬ ಮುದುಕ ಹಿಂದಿನಿಂದ ಬಂದು ‘ಹಾವು’ ಎಂದ. ನಾನು ಬೆಚ್ಚಿದೆ, ಆದರೆ ಸದ್ದಿಲ್ಲದೆ ಬೆಚ್ಚಿದೆ.

ಯಲ್ಲಪ್ಪ ಕಾಕಾ ಬಿದಿರಿನ ತುದಿಯಿಂದ ಚಿಗವ್ವನಿಗೆ ಚಹಾ ಕೊಟ್ಟು ನನ್ನ ಬಳಿ ಬಂದ. ‘ಮಗಳ, ನಾನೂ ಮೊದಲು ನಿನ್ನಂಗ ಇದ್ನಿ. ಚಹಾ ಚಹಾ ಅಂತ ಒದರಾಕ ನಾಚಿಕಿ. ಒಂದು ದಿನ ಕೆಟಲಿ ಕಾದು ಕೈ ಸುಟ್ಟಿತು ನೋಡು, ಅವತ್ತಿನಿಂದ ದನಿ ಬಂತು.’

‘ಅಕಿ ಕೈ ಸುಡಬ್ಯಾಡೋ ಮಾರಾಯ’ ಎಂದಳು ಚಿಗವ್ವ ಮೇಲಿನಿಂದ. ‘ಏಣಿ ಹಿಡಿಯೂ ಕೈ ಅದು.’

ಅವಳು ಸೀಟಿನ ಮೇಲೆ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಅನುಕೂಲವಾಗುತ್ತಿತ್ತು. ‘ಫಕೀರಿ, ನೀ ಉಂಡಿಯಿಲ್ಲೋ?’ ಎಂದು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ‘ಉಂಡಾಳಂತ’ ಎಂದು ಅವಳೇ ಹೇಳಿಕೊಂಡಳು.

ಆ ಎರಡೂವರೆ ತಾಸು ನಾನು ಸುಮ್ಮನಿರಲಿಲ್ಲ. ಒಳಗೊಳಗೇ ಆ ಒಂದು ಮಾತನ್ನು ನೂರು ಸಲ ಹೇಳಿಕೊಂಡೆ. ಕಾಲು ಇಡು, ಕಾಲು ಇಡು. ಯಾವ ಕಾಲು ಎಂಬುದಕ್ಕೆ ಏಣಿಯ ಈ ಗಳ ನೋಡಿದೆ, ಆ ಗಳ ನೋಡಿದೆ. ನನ್ನ ಕೈಗೆ ಅದು ಗೊತ್ತಿತ್ತು. ಏಳು ವರ್ಷದಲ್ಲಿ ಅದಕ್ಕೆ ಹೆಸರಿಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಮೂರಕ್ಕೆ ಐದು ನಿಮಿಷವಿರುವಾಗ ಅಧ್ಯಕ್ಷರು ಕೊಡೆ ಮಡಚಿದರು. ‘ಕಾಶಕ್ಕಾ, ಇನ್ನ ಆಗಂಗಿಲ್ಲ. ಕುಸಿದ ಮ್ಯಾಲೆ ಇಳಿದ್ರ ಅದು ಪರೀಕ್ಷೆ ಅಲ್ಲ. ಕೀಲಿ ಕೆಳಗ ಒಗಿ.’

ಚಿಗವ್ವ ಎದ್ದು ನಿಂತಳು. ಸೆರಗನ್ನು ಇನ್ನೊಮ್ಮೆ ಬಿಗಿದಳು. ಹಿಡಿಕೆ ಹಿಡಿದು, ಮುಖ ಟ್ರಾಕ್ಟರಿನ ಕಡೆ ತಿರುಗಿಸಿ, ನನಗೊಬ್ಬಳಿಗೇ ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದಳು: ‘ಫಕೀರಿ, ನಾ ಇಳ್ಯಾಕತ್ತೇನಿ. ನೀ ಒಂದ ಶಬ್ದ ಹೇಳು. ಉಳದದ್ದು ನಾ ನೋಡ್ಕೋತೀನಿ.’

ಅವಳ ಬಲಪಾದ ಗಾಳಿಯಲ್ಲಿ ಕೆಳಗೆ ಬಂತು. ಏಣಿಯ ಮೇಲ್ತುದಿಯ ಮೆಟ್ಟಿಲಿನ ಹತ್ತಿರ, ಮುಟ್ಟದೆ, ನನ್ನ ಮಾತಿಗಾಗಿ ಕಾಯುತ್ತ ನಿಂತಿತು. ಹಿಮ್ಮಡಿಯ ಬಿರುಕುಗಳು ಕೂಡ ಕಾಣುತ್ತಿದ್ದವು. ಆ ಪಾದ ನನ್ನ ಎಡಗೈ ಹಿಡಿದಿದ್ದ ಗಳದ ಕಡೆ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ.

‘ಎಡಗಾಲು!’

ಎಷ್ಟು ಜೋರಾಗಿ ಬಂತೆಂದರೆ ಬದುವಿನ ಮೇಲಿದ್ದ ಎತ್ತೊಂದು ಎದ್ದು ನಿಂತಿತಂತೆ. ಜನ ‘ಭಲೆ’ ಎಂದರು. ನನ್ನ ಬಾಯಿಂದ ಹೊರಬಂದ ಮೊದಲ ದೊಡ್ಡ ಮಾತು ಅದು, ಮತ್ತು ಅದು ತಪ್ಪಾಗಿತ್ತು. ನಾನು ಹೊರಗೆ ಮುಖ ಮಾಡಿ ನಿಂತವಳು, ಅವಳು ನನ್ನ ಕಡೆ ಮುಖ ಮಾಡಿ ಇಳಿಯುವವಳು. ನನ್ನ ಎಡ ಅವಳ ಬಲ. ಗಳಕ್ಕೆ ಬಡಿಯುವಾಗ ಎಡ ಬಲ ಯಾವುದೂ ಇರಲಿಲ್ಲ, ಆ ಕಡೆ ಅಂದರೆ ಆ ಕಡೆ. ಬಾಯಿ ತೆರೆದ ಕ್ಷಣಕ್ಕೆ ಎರಡು ಕಡೆಯಾಯಿತು.

ಕಣ್ಣು ತೆರೆದಾಗ ಅವಳ ಬಲಪಾದ ಹಿಂದಕ್ಕೆ ಮೇಲೆ ಹೋಗಿ, ಎಡಪಾದ ಕೆಳಗೆ ಬರುತ್ತಿತ್ತು. ಬೇಡವೆನ್ನಲು ಎರಡು ಸಲ ಬಡಿಯಬೇಕಿತ್ತು. ಬೋಲ್ಟು ಕೈಯಿಂದ ಬಿದ್ದಿತ್ತು. ಮೇಲೆ ಉಳಿದ ಬಲಮೊಣಕಾಲಿನ ಮೇಲೆ ಅವಳ ಪೂರ್ತಿ ಭಾರ ಬಿತ್ತು, ಅದು ಮಡಚಲಿಲ್ಲ, ಪಕ್ಕಕ್ಕೆ ಹೊರಳಿತು. ಎರಡೂ ಕಾಲು ಒಮ್ಮೆಗೇ ಮೆಟ್ಟಿಲು ಬಿಟ್ಟವು. ಬೋರ್ಡಿನ ಮೇಲಿರುವ ಉಳಿದ ಮಾತುಗಳಲ್ಲಿ ಒಂದಾದರೂ ಅಂದು ಕೆಲಸಕ್ಕೆ ಬಂತು: ಎರಡೂ ಕೈಗಳಿಂದ ಹಿಡಿದಿರಬೇಕು ಎಂಬುದು. ಅವಳು ಬಿಟ್ಟಿರಲಿಲ್ಲ. ಹಿಡಿಕೆಗೆ ಜೋತುಬಿದ್ದು ಒಮ್ಮೆ ತೂಗಾಡಿ, ಎಡಗಾಲಿನಿಂದ ಏಣಿಯನ್ನು ತಡವಿ ಹುಡುಕಿ, ಮೇಲಿನಿಂದ ಮೂರನೆಯ ಮೆಟ್ಟಿಲು ಹಿಡಿದಳು. ಅಲ್ಲಿಂದ ಏಣಿಯನ್ನು ಅಪ್ಪಿಕೊಂಡು ಜಾರುತ್ತ ಬಂದಳು. ನಾನು ಏಣಿ ಬಿಡಲಿಲ್ಲ. ಅದೊಂದು ನನಗೆ ಬರುತ್ತದೆ.

ನೆಲಕ್ಕೆ ಕಾಲಿಟ್ಟಾಗ ಅವಳ ಬಲಮೊಣಕಾಲಿನಿಂದ ಹೆಬ್ಬೆರಳಿನವರೆಗೆ ಚರ್ಮ ಸುಲಿದಿತ್ತು. ಅವಳು ಏಣಿಯ ಮೆಟ್ಟಿಲುಗಳ ನಡುವಿನಿಂದ ನನ್ನನ್ನು ನೋಡಿ, ಉಸಿರು ಹಿಡಿಯುತ್ತ, ‘ನೀ ಎಡ ಅಂದಿ. ಬಲಗಡೆ ಏನೋ ಕೆಟ್ಟೈತಿ, ನಿನಗ ಕಂಡೈತಿ ಅಂತ ತಿಳದೆ’ ಎಂದಳು.

ಅಷ್ಟರಲ್ಲಿ ನನ್ನ ಬಾಯಿ ತನ್ನ ಹಳೆಯ ಸ್ಥಿತಿಗೆ ಬಂದಿತ್ತು.

‘ಏಳು ವರ್ಷಾತು’ ಎಂದಳು ಅವಳು. ‘ಒಂದ ಸಲನೂ ನೀ ತಪ್ಪು ಬಡದಿಲ್ಲ.’

ಅಧ್ಯಕ್ಷರು ಹತ್ತಿರ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ‘ಕಾಶಕ್ಕಾ, ಒಂದ ಸಲ ಕುಕ್ಕರಗಾಲಿಲೆ ಕುಂದ್ರು ನೋಡೂಣು.’

‘ಯಾಕ್ರಿ? ಇಳದೇನಲ್ಲ.’

‘ಇಳದಿ. ಒಂದ ಸಲ ಕುಂದ್ರು.’

ಅವಳು ಕೂರಲಿಲ್ಲ. ಕೂರಲಾರಳು ಎಂಬುದು ಎಲ್ಲರಿಗೂ ಒಮ್ಮೆಗೇ ತಿಳಿಯಿತು. ಎರಡು ವರ್ಷ ಗತ್ತು ಎಂದುಕೊಂಡದ್ದು ಏನೆಂದೂ ತಿಳಿಯಿತು. ಅವಳು ಕುಪ್ಪಸದೊಳಗಿಂದ ದಾರ ಎಳೆದು ಕೀಲಿ ಬಿಚ್ಚಿ ಅಧ್ಯಕ್ಷರ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಖಾಲಿ ದಾರವನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಇದ್ದಳು.

ಆಮೇಲೆ ಊರಲ್ಲಿ ಕೆಲವರು ನಾನು ಬೇಕೆಂದೇ ಎಡ ಅಂದೆನೆಂದು ಆಡಿಕೊಂಡರು. ಅಷ್ಟು ಲೆಕ್ಕ ಹಾಕುವ ತಲೆ ನನಗಿದ್ದರೆ ಏಳನೆಯ ಇಯತ್ತೆಯ ಬಾಗಿಲನ್ನಾದರೂ ನೋಡುತ್ತಿದ್ದೆ. ಹಾಗೆಂದು ಆ ಸೀಟಿನ ಮೇಲೆ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆಸೆ ಇತ್ತು. ಆದರೆ ಅದು ಬೆಳಗಿನ ಟ್ರಾಕ್ಟರಿನಷ್ಟೇ ಎತ್ತರದ ಆಸೆ, ಕೆಳಗೆ ಹಾರಿಕೊಂಡರೆ ಕಾಲು ಉಳುಕದಷ್ಟರದು.

‘ಈಗ ಹೊಲದ ಗತಿ ಏನು?’ ಎಂದು ಒಬ್ಬರು ಕೇಳಿದರು. ಅರ್ಧ ಹೊಲ ಬಿತ್ತಿ ಅರ್ಧ ಉಳಿದಿತ್ತು. ಹಸಿ ಆರಿದರೆ ಬೀಜ ಮೊಳೆಯುವುದಿಲ್ಲ. ಊರಿನ ಉಳಿದ ಡ್ರೈವರುಗಳೆಲ್ಲ ತಮ್ಮ ತಮ್ಮ ಹೊಲಗಳಲ್ಲಿ ಮಾಳಿಗೆಯ ಎತ್ತರದಲ್ಲಿದ್ದರು. ಅಧ್ಯಕ್ಷರು ಕೀಲಿ ಹಿಡಿದು ಸುತ್ತ ನೋಡಿದರು.

‘ಫಕೀರಿ ಹೊಡೀತಾಳ’ ಎಂದ ಯಲ್ಲಪ್ಪ ಕಾಕಾ. ‘ನಸಕಿನ್ಯಾಗ ಕಣದಾಗ ಹೊಡಿಯೂದು ನಾ ಎಷ್ಟು ಸಲ ನೋಡೇನಿ. ಸಾಲು ನೆಟ್ಟಗ ಹಿಡೀತಾಳ.’

ಅಧ್ಯಕ್ಷರು ಚಿಗವ್ವನ ಕಡೆ ತಿರುಗಿದರು. ‘ಖರೇ ಏನು?’

ಚಿಗವ್ವ ತನ್ನ ಕಾಲನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಹೇಳಲೆಂದು ನಾನು ಆಸೆಪಟ್ಟೆ. ‘ಹೊಡೀತಾಳ’ ಎಂದಳು.

‘ಏನವಾ, ಹತ್ತತೀ?’ ಎಂದು ಅಧ್ಯಕ್ಷರು ಕೀಲಿಯನ್ನು ನನ್ನ ಮುಂದೆ ಹಿಡಿದರು.

ಬೇಡವೆನ್ನಬೇಕಿತ್ತು. ಬೇಡವೆನ್ನಲೂ ಬಾಯಿ ಬೇಕಲ್ಲ. ಅಷ್ಟು ಜನರ ಮುಂದೆ ಬೇಡ ಎಂದು ಹೇಳುವುದಕ್ಕಿಂತ ಮಾಳಿಗೆಯಷ್ಟು ಎತ್ತರ ಹತ್ತುವುದು ನನಗೆ ಸುಲಭವೆನಿಸಿತು. ಶಾಲೆ ಬಿಟ್ಟ ಹಾಗೆಯೇ ಚಿಗವ್ವನ ಕೀಲಿಯನ್ನೂ ತೆಗೆದುಕೊಂಡೆ. ಅದು ಇನ್ನೂ ಬೆಚ್ಚಗಿತ್ತು.

ಏಣಿ ಹಿಡಿಯಲು ಯಲ್ಲಪ್ಪ ಕಾಕಾ ಮುಂದೆ ಬಂದ. ಚಿಗವ್ವ ಅವನನ್ನು ಪಕ್ಕಕ್ಕೆ ಸರಿಸಿ, ಕುಂಟುತ್ತ ಒಳಬದಿಗೆ ಹೋಗಿ ನಿಂತಳು. ನಾನು ನಿಲ್ಲುವ ಜಾಗದಲ್ಲಿ ಅವಳನ್ನು ನೋಡಿದ್ದು ಅದೇ ಮೊದಲು. ಟ್ರಾಕ್ಟರಿನ ಹೊಟ್ಟೆಯ ಕೆಳಗೆ ಅವಳು ಚಿಕ್ಕವಳಾಗಿ ಕಂಡಳು, ನೆರಳಲ್ಲಿ ಮುಖ ಕಾಣಲಿಲ್ಲ. ‘ಹತ್ತು’ ಎಂದಳು. ಹತ್ತಿದೆ. ಮೆಟ್ಟಿಲುಗಳು ಬಹಳ ಸ್ವಚ್ಛ ಇದ್ದವು.

ಮೇಲಿನಿಂದ ಊರು ಬೇರೆಯಾಗಿತ್ತು. ಮಾಳಿಗೆಗಳ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ, ಸಂಘದ ಆಫೀಸಿನ ಹಿಂದೆ ಯಾರೋ ಒಣಗಿಸಿದ ಧೋತರ, ದೂರದಲ್ಲಿ ಸೇತುವೆ, ಸೇತುವೆಯಾಚೆ ಬೇರೆ ಊರಿನ ಗಿಡ್ಡ ಗಿಡ್ಡ ಟ್ರಾಕ್ಟರುಗಳು. ಬದುವಿನ ಮೇಲಿದ್ದವರ ಮಾತು ಬರೀ ಗುಜುಗುಜು. ಸೀಟಿನ ಮೇಲೆ ಅವಳು ತಿಂದ ರೊಟ್ಟಿಯ ಚೂರಿತ್ತು. ಅದನ್ನು ಬೀಳಿಸಲು ಮನಸ್ಸಾಗದೆ ಪಕ್ಕಕ್ಕೆ ಸರಿಸಿ ಕೂತೆ. ಎಂಜಿನ್ ಶುರುಮಾಡಿದೆ. ಉಳಿದ ಸಾಲುಗಳನ್ನು ಬಿತ್ತಿದೆ. ಹೇಗೆ ಬಿತ್ತಿದೆನೆಂದು ಹೇಳಿಕೊಳ್ಳಬಾರದು, ಆದರೆ ನೆಟ್ಟಗೇ ಇದ್ದವು. ಒಂದು ಕಡೆ ನಾನು ನಗುತ್ತಿದ್ದೆನೆಂದೂ ನೆನಪು. ಕೆಳಗೆ ಯಾರಿಗೂ ಕಂಡಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಕೊನೆಯ ಸಾಲು ಮುಗಿಸಿ ಏಣಿ ಇದ್ದಲ್ಲಿಗೆ ಬಂದಾಗ ನಾಲ್ಕೂವರೆ. ಟ್ರಾಕ್ಟರ್ ಸ್ವಲ್ಪ ಕುಸಿದಿದ್ದರೂ ಇನ್ನೂ ಎರಡಾಳು ಎತ್ತರವಿತ್ತು. ಜನ ಹೋಗಿದ್ದರು. ಅಧ್ಯಕ್ಷರ ಕೊಡೆ ದೂರದ ದಾರಿಯಲ್ಲಿ ಚಿಕ್ಕದಾಗಿ ಕಾಣುತ್ತಿತ್ತು. ಯಲ್ಲಪ್ಪ ಕಾಕಾ ಬಿದಿರು ಹೊತ್ತು ಮುಂದಿನ ಹೊಲಕ್ಕೆ ನಡೆದಿದ್ದ. ಏಣಿಯನ್ನು ಯಾರೋ ಬದುವಿನ ಪಕ್ಕ ಮಲಗಿಸಿದ್ದರು. ಅದರ ಮೇಲೆ ಚಿಗವ್ವ ಕೂತಿದ್ದಳು, ನನಗೆ ಬೆನ್ನು ಮಾಡಿ, ಬಲಗಾಲು ನೀಡಿಕೊಂಡು. ಕಾಲಿಗೆ ಯಾರದೋ ಟವೆಲು ಸುತ್ತಿತ್ತು.

ನಾನು ಎಂಜಿನ್ ಬಂದ್ ಮಾಡಿದೆ. ಬ್ರೇಕ್ ಹಾಕಿದೆ. ಹೊಲ ಎಷ್ಟು ಶಾಂತವಾಯಿತೆಂದರೆ ಕಾದ ಎಂಜಿನ್ ಒಳಗೊಳಗೇ ಟಿಕ್ ಎನ್ನುವುದೂ ಕೇಳಿಸಿತು.

‘ಚಿಗವ್ವಾ’ ಎಂದೆ.

ಅವಳು ಬೆರಳ ತುದಿಯಿಂದ ಟವೆಲಿನ ಎಳೆಯೊಂದನ್ನು ಬಿಡಿಸುತ್ತಿದ್ದಳು. ಇನ್ನೊಂದು ಎಳೆ ಹಿಡಿದಳು.

ದನಿ ಸಾಲಲಿಲ್ಲವೇನೋ ಎಂದುಕೊಂಡೆ. ಎದ್ದು ನಿಂತು, ಹಿಡಿಕೆ ಹಿಡಿದು, ಹೊಟ್ಟೆಯಿಂದ ಉಸಿರೆಳೆದುಕೊಂಡೆ. ಈ ಸಲ ದನಿ ಚೆನ್ನಾಗಿ ಬಂತು. ಆಚೆಯ ಹೊಲದಲ್ಲಿ ಯಲ್ಲಪ್ಪ ಕಾಕಾ ಕೂಡ ನಿಂತು ತಿರುಗಿ ನೋಡಿದ. ಚಿಗವ್ವನ ಬೆರಳು ಟವೆಲಿನ ಮೇಲೆ ನಿಂತಿತು. ಆದರೆ ಬೆನ್ನು ತಿರುಗಲಿಲ್ಲ.

‘ಚಿಗವ್ವಾ, ಏಣಿ ಹಚ್ಚು ಬೇ. ನಾ ಇಳೀಬೇಕು.’